ಒಂದು ಜಿಗಿತ ಬಾಕಿ

ಕ್ಷೌರದಂಗಡಿಯ ಗೋಡೆಯಲ್ಲಿ ತೂಗುಹಾಕಿರುವ ಆ ಫೋಟೋ ಕಂಡರೆ ಟಯರಣ್ಣನ ಹೊಟ್ಟೆಯಲ್ಲಿ ಇವತ್ತಿಗೂ ಕೆಂಡ ಬೀಳುತ್ತದೆ. ಕೂದಲು ಕಿವಿ ಮುಚ್ಚುವಷ್ಟು ಬೆಳೆದರೂ ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂದುಕೊಳ್ಳುತ್ತಾನೆ. ಆದರೆ ಆ ಬೀದಿಯಲ್ಲಿ ದೊಡ್ಡ ಟಿವಿ ಇರುವುದು ಅಲ್ಲಿ ಮಾತ್ರ. ವಾರಕ್ಕೊಮ್ಮೆ ಸಂಜೆ ಅದರಲ್ಲಿ ರಿಂಗಿನ ಕುಸ್ತಿ ಬರುತ್ತದೆ. ಹಾಗಾಗಿ ಹತ್ತಿಯೇ ಹತ್ತುತ್ತಾನೆ. ಹತ್ತಿ, ಫೋಟೋಗೆ ಬೆನ್ನು ಹಾಕಿ ಕೂರುತ್ತಾನೆ. ಬೆನ್ನು ಹಾಕಿದರೆ ಏನು ಬಂತು? ಕ್ಷೌರದಂಗಡಿಯಲ್ಲವೇ, ಎದುರಿಗಿರುವ ಕನ್ನಡಿಯಲ್ಲಿ ಅದೇ ಹಲ್ಲು ಕಿಸಿಯುತ್ತದೆ.

ಫೋಟೋದಲ್ಲಿ ಇಬ್ಬರಿದ್ದಾರೆ. ಚಿನ್ನದ ಬಣ್ಣದ ಬಿಗಿ ಚಡ್ಡಿ ತೊಟ್ಟ ಒಬ್ಬ ಕಟ್ಟುಮಸ್ತಾದ ತರುಣ ಎರಡೂ ತೋಳುಗಳನ್ನು ಆಕಾಶಕ್ಕೆ ಚಾಚಿ ನಿಂತಿದ್ದಾನೆ. ಆ ತೋಳುಗಳ ಮೇಲೆ ಇನ್ನೊಬ್ಬ ದಡಿಯ, ಒಗೆದು ಒಣಹಾಕಿದ ಕಂಬಳಿಯ ಹಾಗೆ, ಅಡ್ಡಡ್ಡ ಮಲಗಿದ್ದಾನೆ. ಮೇಲಿರುವವನ ಮುಖಕ್ಕೆ ಗೂಳಿಯ ಮುಖವಾಡ. ಎತ್ತಿದವನು ಟಯರಣ್ಣನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಎತ್ತಿಸಿಕೊಂಡು ತಲೆಕೆಳಗಾಗಿ, ಮುಖವೂ ಇಲ್ಲದೆ, ಎರಡು ಕೊಂಬು ಜೋತುಬಿಟ್ಟುಕೊಂಡು ಮಲಗಿರುವವನು ಸ್ವತಃ ಟಯರಣ್ಣ.

"ಏನ್ ತೋಳು ಕಣಯ್ಯ ನಿಮ್ಮ ಷಡ್ಡಕಂದು!" ಎಂದು ಹೊಸ ಗಿರಾಕಿ ಯಾರಾದರೂ ಉದ್ಗರಿಸಿದರೆ ಸಾಕು, ಟಯರಣ್ಣನ ಕೋಪ ಮೂಗಿನ ತುದಿಗೆ ಬರುತ್ತದೆ. ಅದು ಅಲ್ಲಿಂದ ಬಹಳ ದೂರದಲ್ಲೇನೂ ಇರುವುದಿಲ್ಲ, ಆ ಮಾತು ಬೇರೆ.

ಅವನದು ಲಾರಿ ಟಯರುಗಳ ಅಂಗಡಿ. ಕ್ಷೌರದಂಗಡಿಗೆ ಅಂಟಿಕೊಂಡ ತಗಡಿನ ಶೆಡ್ಡು. ಒಳಗೆ ಕಾಲಿಟ್ಟರೆ ಸುಟ್ಟ ರಬ್ಬರಿನ ವಾಸನೆ, ನೆಲದ ತುಂಬ ಗಾಳಿಯ ಕೊಳವೆಗಳು, ಮೂಲೆಯಲ್ಲಿ ಪಂಕ್ಚರ್ ನೋಡುವ ಕಪ್ಪು ನೀರಿನ ತೊಟ್ಟಿ. ನಡುವೆ ಬನಿಯನ್ ಹಾಕಿಕೊಂಡ ಟಯರಣ್ಣ, ಮೊಣಕಾಲುದ್ದದ ಕಬ್ಬಿಣದ ಸಲಾಕೆ ಹಿಡಿದು, ಆನೆಗಾತ್ರದ ಟಯರನ್ನು ಚಕ್ರದ ಕಬ್ಬಿಣದ ಬಳೆಯಿಂದ ಬೇರ್ಪಡಿಸುತ್ತಿರುತ್ತಾನೆ. ಬೇರೆ ಅಂಗಡಿಗಳಲ್ಲಿ ಇಬ್ಬರು ಉರುಳಿಸುವ ಟಯರನ್ನು ಅವನು ಒಬ್ಬನೇ ನಿಲ್ಲಿಸುತ್ತಾನೆ, ತೊಡೆ ಕೊಟ್ಟು ಎತ್ತಿ ಲಾರಿಯ ಮೇಲೆ ಎಸೆಯುತ್ತಾನೆ. ಓದು ಮೂರನೇ ಕ್ಲಾಸಿಗೆ ನಿಂತದ್ದೂ ತೋಳಿನ ದೆಸೆಯಿಂದಲೇ: ಮೇಷ್ಟ್ರು ಹೊಡೆಯಲು ಎತ್ತಿದ ಬೆತ್ತವನ್ನು ಕಸಿದು ಮುರಿದಿದ್ದ. ಅಂಥವನನ್ನು ಇಡೀ ಬೀದಿ ತಲೆಕೆಳಗಾಗಿ ಜೋತುಬಿದ್ದ ಗೂಳಿ ಎಂದೇ ನೆನಪಿಟ್ಟುಕೊಂಡಿದೆ. ಉರಿಯದೆ ಇರುತ್ತದೆಯೇ?

ವಾರದ ಆ ಸಂಜೆ ಕ್ಷೌರದಂಗಡಿಯಲ್ಲಿ ಟಯರಣ್ಣನನ್ನು ಬಿಟ್ಟರೆ ಸೇರುವವರು ಮೂರೇ ಜನ, ಗದ್ದಲ ಮಾತ್ರ ಮೂವತ್ತು ಜನರದ್ದು. ಅಂಗಡಿಯ ಯಜಮಾನ ಕತ್ತರಿ. ಅವನ ಹೆಸರು ಬೇರೆ ಇರಬಹುದು, ಕರೆಯುವವರಿಲ್ಲ. ಎರಡನೆಯವನು ಲಾರಿ ಡ್ರೈವರ್. ಮೂರನೆಯವನು ಕಡ್ಡಿಯಂತೆ ಸಣಕಲಾಗಿರುವ ಬ್ಯಾಂಕಿನ ಗುಮಾಸ್ತ. ಅವನಿಗೆ ಜಗತ್ತಿನ ಎಲ್ಲ ಪೈಲ್ವಾನರ ಎತ್ತರ, ತೂಕ, ಯಾರಿಗೆ ಯಾರು ಹೆಣ್ಣು ಕೊಟ್ಟಿದ್ದಾರೆ ಎಂಬುದೆಲ್ಲ ಬಾಯಿಪಾಠ. ಟಿವಿಯಲ್ಲಿ ಗಂಟೆ ಬಾರಿಸುವ ಮೊದಲೇ ಇವರ ಕುಸ್ತಿ ಶುರು.

"ಆ ಉದ್ದಗೂದಲಿನವನು ಐದು ಸಲ ಚಾಂಪಿಯನ್ ಬೆಲ್ಟ್ ಗೆದ್ದಿದ್ದಾನೆ. ಸುಮ್ಮನೆ ಗೆಲ್ತಾರಾ?" ಎನ್ನುತ್ತಾನೆ ಗುಮಾಸ್ತ.

"ಸುಮ್ಮನೆ ಯಾಕೆ ಗೆಲ್ತಾನೆ, ಆ ಕುಸ್ತಿ ಕಂಪನಿ ಯಜಮಾನನ ಅಳಿಯ ಆಗಿ ಗೆದ್ದ," ಎನ್ನುತ್ತಾನೆ ಡ್ರೈವರ್. "ಬೋಳುತಲೆಯವನನ್ನೂ ಇವನನ್ನೂ ಒಂದು ರೂಮಲ್ಲಿ ಕೂಡಿಹಾಕಿ ಬಾಗಿಲು ಹಾಕು. ಯಾರು ನಡ್ಕೊಂಡು ಹೊರಗೆ ಬರ್ತಾರೆ ನೋಡೋಣ."

"ಬಾಗಿಲು ಹಾಕೋನು ಯಾರು? ಯಜಮಾನ ತಾನೇ? ಅಲ್ಲಿಗೆ ಅಳಿಯನೇ ಬರ್ತಾನೆ!" ಎಂದು ಕತ್ತರಿ, ಗಿರಾಕಿಯ ಕೆನ್ನೆಯ ಮೇಲೆ ಹಿಡಿದ ಕತ್ತಿಯನ್ನು ಹಾಗೇ ಬಿಟ್ಟು ನಗುತ್ತಾನೆ. ಗಿರಾಕಿ ಉಸಿರು ಬಿಗಿಹಿಡಿದು ಕೂರುತ್ತಾನೆ.

ಈ ವಾದದಲ್ಲಿ ಟಯರಣ್ಣ ಯಾವಾಗಲೂ ಬೋಳುತಲೆಯವನ ಪಕ್ಷ. ತೋಳಿದ್ದವನಿಗೆ ಬೆಲ್ಟಿಲ್ಲ, ಬೆಲ್ಟಿದ್ದವನಿಗೆ ತೋಳಿಲ್ಲ, ಎಲ್ಲವೂ ಪರದೆಯ ಹಿಂದಿನ ಕೈವಾಡ: ಇದು ಅವನ ಸಿದ್ಧಾಂತ. ಹೇಳುತ್ತ ಹೇಳುತ್ತ ಕುತ್ತಿಗೆಯ ನರ ಉಬ್ಬುತ್ತದೆ. ಆಗ ಗುಮಾಸ್ತ ಏನೂ ಅರಿಯದವನಂತೆ ಫೋಟೋ ಕಡೆ ಕಣ್ಣು ಹಾಯಿಸುತ್ತಾನೆ. ಅಷ್ಟೇ. ಆಮೇಲೆ ಟಯರಣ್ಣನ ಬಾಯಿಂದ ಬರುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಅವನ ಸಂಕಟ ಅವನಿಗೇ ಗೊತ್ತು. ಅವರ್ಯಾರೂ ವ್ಯಾನಿನಲ್ಲಿ ಕೂತವರಲ್ಲ.

ಹರೆಯದಲ್ಲಿ ಟಯರಣ್ಣನೂ ಷಡ್ಡಕನೂ ಒಂದೇ ಕುಸ್ತಿ ಕಂಪನಿಯಲ್ಲಿದ್ದರು. ಊರಿಂದ ಊರಿಗೆ ಹೋಗಿ ರಿಂಗು ಕಟ್ಟಿ, ದೀಪ ಹಾಕಿ, ಟಿಕೆಟ್ಟು ಹರಿದು ಆಡಿಸುವ ಆಟ. ಆಗಿನ್ನೂ ಅವರು ಷಡ್ಡಕರಲ್ಲ, ಬರೀ ಗೆಳೆಯರು. ಕಂಪನಿಗೊಂದು ಹಳೇ ವ್ಯಾನಿತ್ತು. ಹಿಂದೆ ಕಬ್ಬಿಣದ ಕಂಬಗಳು, ಹಲಗೆಗಳು, ಹಗ್ಗದ ಸುರುಳಿಗಳು. ಅವುಗಳ ಸಂದಿಯಲ್ಲಿ ಮಂಡಿ ಮಡಚಿಕೊಂಡು ಟಯರಣ್ಣ, ಯಾಕೆಂದರೆ ಇಳಿಸುವಾಗ ಅವನ ತೋಳು ಬೇಕು. ಮುಂದೆ ಸ್ಟಿಯರಿಂಗ್ ಹಿಡಿದ ಮ್ಯಾನೇಜರ್. ಅವನ ಪಕ್ಕದ ಮೆತ್ತನೆಯ ಸೀಟಿನಲ್ಲಿ ಈ ಮಹಾನುಭಾವ ಷಡ್ಡಕ. ಮ್ಯಾನೇಜರಿಗೆ ನಿದ್ದೆ ಬಾರದ ಹಾಗೆ ಕತೆ ಹೇಳುವುದು, ಅವನ ಜೋಕಿಗೆ ಅವನಿಗಿಂತ ಮೊದಲು ನಗುವುದು, ಇದು ಆ ಸೀಟಿನ ಕೆಲಸ. ಯಾರು ಗೆಲ್ಲಬೇಕು, ಯಾರು ಬೆನ್ನು ನೆಲಕ್ಕೆ ಹಚ್ಚಬೇಕು ಎಂಬುದು ಆ ಎರಡು ಸೀಟುಗಳ ನಡುವೆ, ಒಂದು ಊರು ಬಿಟ್ಟು ಇನ್ನೊಂದು ಊರು ಸೇರುವುದರೊಳಗೆ ತೀರ್ಮಾನವಾಗುತ್ತಿತ್ತು. ಹಿಂದೆ ಕೂತವನಿಗೆ ವ್ಯಾನು ನಿಂತ ಮೇಲೆ ತಿಳಿಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಅಲ್ಲಿ ಯಾರ ಲಹರಿ ಕೆಟ್ಟರೂ ಬೀಳುವುದು ಮುಖವಾಡದ ಗೂಳಿಯೇ.

ಆ ಫೋಟೋ ತೆಗೆದ ಊರಿನಲ್ಲಿ ಮ್ಯಾನೇಜರ್ ವ್ಯಾನಿನಿಂದ ಇಳಿಯುತ್ತಲೇ ಹೇಳಿದ: "ಇವತ್ತು ಇವನು ನಿನ್ನನ್ನ ತಲೆಮೇಲೆ ಎತ್ತಿ ಒಂದು ಸುತ್ತು ಹೊಡೀಬೇಕು."

"ಇವನಾ? ನನ್ನನ್ನಾ?" ಟಯರಣ್ಣ ನಕ್ಕುಬಿಟ್ಟ.

ಆ ಕಸುಬಿನಲ್ಲಿ ಒಂದು ಗುಟ್ಟಿದೆ. ಆಳೆತ್ತರದ ಗಂಡಸನ್ನು ತಲೆಯ ಮೇಲೆ ಎತ್ತುವುದು ಎತ್ತುವವನ ಕೈಯಲ್ಲಿಲ್ಲ, ಎತ್ತಿಸಿಕೊಳ್ಳುವವನ ಕಾಲಿನಲ್ಲಿದೆ. ಎತ್ತುವವನು ಹೆಬ್ಬೆರಳಿನಿಂದ ಸೊಂಟ ಒತ್ತಿ ಸನ್ನೆ ಕೊಡುತ್ತಾನೆ; ಕೂಡಲೇ ಇವನು ಮಂಡಿ ಬಗ್ಗಿಸಿ ಮೇಲಕ್ಕೆ ಹಾರಬೇಕು, ಅವನ ಹೆಗಲಿಗೆ ಕೈಯೂರಿ ತನ್ನ ಭಾರವನ್ನು ತಾನೇ ಮೇಲಕ್ಕೆ ಸಾಗಿಸಬೇಕು, ಮೇಲೆ ಹೋದ ಮೇಲೆ ಹಲಗೆಯಂತೆ ಸೆಟೆದು ಮಲಗಬೇಕು. ಸತ್ತ ಹೆಣದಂತೆ ಭಾರ ಬಿಟ್ಟರೆ ಎಂಥ ಭೀಮನಿಗೂ ಸೊಂಟ ಉಳಿಯದು. ಅದಕ್ಕೇ ಅವರಲ್ಲಿ ಒಂದು ಕಟ್ಟಳೆಯೂ ಇತ್ತು: ಹಾರಿದವನಿಗೆ ಹಾರಬೇಕು. ಇವತ್ತು ನಾನು ನಿನಗೆ ಹಾರಿದರೆ ನಾಳೆ ನೀನು ನನಗೆ. ಮತ್ತು ಇದನ್ನು ಹೊರಗಿನವರ ಹತ್ತಿರ, ಹೆಂಡತಿಯ ಹತ್ತಿರವೂ, ಬಾಯಿ ಬಿಡಬಾರದು.

ಪರದೆಯ ಹಿಂದೆ ಷಡ್ಡಕ ಅವನ ಕೈ ಹಿಡಿದು ಅಂಗಲಾಚಿದ. "ಅಣ್ಣಾ, ಇದೊಂದು ಸಲ ಹಾರು. ಮುಂದಿನ ಊರಲ್ಲಿ ನಾನು ಹಾರ್ತೀನಿ. ನನ್ನಾಣೆ."

ಟಯರಣ್ಣ ಹಾರಿದ. ಎಂಥ ಹಾರು! ಷಡ್ಡಕನ ತೋಳಿಗೆ ಹೂವಿನ ಭಾರ ಕೂಡ ಬೀಳದಂತೆ ಹಾರಿದ. ಜನ ಎದ್ದು ನಿಂತು ಕೂಗಿದರು, ಯಾರೋ ಫೋಟೋ ಹೊಡೆದರು. ಮುಂದಿನ ಊರಲ್ಲಿ ಮ್ಯಾನೇಜರ್, "ಬಂಗಾರದ ತೋಳಿನವನನ್ನ ಈಗ ಬೀಳಿಸಿದ್ರೆ ಮಜಾ ಎಲ್ಲಿ?" ಎಂದ. ಅದರ ಮುಂದಿನ ಊರಲ್ಲೂ ಅದೇ ರಾಗ. ಕೊನೆಗೆ ಮ್ಯಾನೇಜರ್ ವ್ಯಾನನ್ನೂ ರಿಂಗನ್ನೂ ಮಾರಿ ಎತ್ತಲೋ ಹೊರಟುಹೋದ. ಜಿಗಿತ ಬಾಕಿ ಉಳಿಯಿತು.

ಕತೆ ಅಲ್ಲಿಗೇ ಮುಗಿದಿದ್ದರೆ ಟಯರಣ್ಣ ಮರೆತುಬಿಡುತ್ತಿದ್ದನೋ ಏನೋ. ಆದರೆ ಫೋಟೋ ತೆಗೆದ ದಿನದ ಆಟ ನೋಡಲು ಅವನ ಹೆಂಡತಿಯ ತಂಗಿ ಬಂದಿದ್ದಳು. ಅಕ್ಕನ ಗಂಡನ ಆಟ ನೋಡಲೆಂದು ಬಂದವಳು ಅಕ್ಕನ ಗಂಡನನ್ನು ಎತ್ತಿದವನಿಗೆ ಮನಸೋತು ಹೋದಳು. "ಅವರನ್ನ ಬಿಟ್ಟು ಬೇರೆ ಯಾರನ್ನೂ ಮಾಡ್ಕೊಳ್ಳಲ್ಲ," ಎಂದು ಊಟ ಬಿಟ್ಟಳು. ಹೀಗೆ ಟಯರಣ್ಣ ತನ್ನ ಕಾಲಿನಿಂದ ಹಾರಿ ಇನ್ನೊಬ್ಬನಿಗೆ ಹೆಂಡತಿ ಗಂಟು ಹಾಕಿಕೊಟ್ಟ. ಸಾಲದ್ದಕ್ಕೆ ಅತ್ತೆಮನೆಯಲ್ಲಿ ಇಬ್ಬರು ಅಳಿಯಂದಿರಿಗೆ ಎರಡು ತಕ್ಕಡಿ. ದೊಡ್ಡಳಿಯ ಬಂದರೆ ಅತ್ತೆ, "ಬಂದ್ಯಾ? ಆ ನಲ್ಲಿ ಸೋರ್ತಾ ಇದೆ, ನೋಡು," ಎನ್ನುತ್ತಾಳೆ. ಸಣ್ಣಳಿಯ ಬಂದರೆ, "ಸುಸ್ತಾಗಿದೀರೇನೋ, ಕೂತ್ಕೊಳ್ಳಿ," ಎಂದು ಫ್ಯಾನು ತಿರುಗಿಸುತ್ತಾಳೆ. ಷಡ್ಡಕ ಈಗ ನಾಲ್ಕೂ ಗೋಡೆಗೆ ಕನ್ನಡಿ ಹಾಕಿಸಿದ ವ್ಯಾಯಾಮಶಾಲೆ ಇಟ್ಟಿದ್ದಾನೆ, ಹೊರಗೆ ಬೋರ್ಡಿನ ಮೇಲೆ ಅದೇ ಫೋಟೋ ಆಳೆತ್ತರಕ್ಕೆ. ಟಯರಣ್ಣ ಬಸ್ಸಿನಲ್ಲಿ ಆ ರಸ್ತೆ ದಾಟುವಾಗ ಇನ್ನೊಂದು ಕಿಟಕಿ ಕಡೆ ತಿರುಗುತ್ತಾನೆ.

ಒಂದು ಸಂಜೆ ಅವನ ತಾಳ್ಮೆಯ ಟ್ಯೂಬು ಒಡೆಯಿತು.

ಟಿವಿಯಲ್ಲಿ ಉದ್ದಗೂದಲಿನವನು ಬೋಳುತಲೆಯವನನ್ನು ಎತ್ತಿ ಒಗೆದ. ಗುಮಾಸ್ತ ಚಪ್ಪಾಳೆ ತಟ್ಟಿ, "ನೋಡಿದ್ರಾ? ಇದಕ್ಕೆ ಯಾವ ಮಾವ ಸಹಾಯ ಮಾಡ್ತಾನೆ? ಇದು ತೋಳು. ನಮ್ಮ ಟಯರಣ್ಣನ ಷಡ್ಡಕನ ಹಾಗೆ!" ಎಂದ.

ಡ್ರೈವರ್ ನಕ್ಕು, "ಪಾಪ, ಟಯರಣ್ಣ ಹೊಟ್ಟೆಕಿಚ್ಚಿಗೇ ಪರದೆ ಹಿಂದೆ, ಪರದೆ ಹಿಂದೆ ಅಂತಿರ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಒಗ್ಗರಣೆ ಹಾಕಿದ.

ಟಯರಣ್ಣ ಎದ್ದು ನಿಂತ. ಬೆಂಚು ಹಿಂದಕ್ಕೆ ಮಗುಚಿತು. "ಬಾರೋ ಇಲ್ಲಿ, ಲೆಕ್ಕದ ಕಡ್ಡಿ! ನನ್ನ ಸೊಂಟ ಹಿಡಿ!"

"ಅಯ್ಯೋ, ಹೊಡೀಬೇಡ ಮಾರಾಯ—"

"ಹೊಡಿಯಲ್ಲ ಕಣೋ. ಎತ್ತು ನನ್ನ!"

ಗುಮಾಸ್ತ ಹೆದರಿಕೊಂಡೇ ಸೊಂಟ ಹಿಡಿದು ತಿಣುಕಿದ. ಟಯರಣ್ಣನ ಚಪ್ಪಲಿ ಕೂಡ ಅಲುಗಲಿಲ್ಲ. "ಆಯ್ತಾ? ಈಗ ಹೆಬ್ಬೆರಳಲ್ಲಿ ಒತ್ತು." ಗುಮಾಸ್ತ ಒತ್ತಿದ್ದೇ ತಡ, ಟಯರಣ್ಣ ಮಂಡಿ ಬಗ್ಗಿಸಿ, ಅವನ ಹೆಗಲಿಗೆ ಕೈಯೂರಿ, ಮೇಲಕ್ಕೆ ಚಿಮ್ಮಿದ. ಒಂದು ಕ್ಷಣ, ಒಂದೇ ಒಂದು ಕ್ಷಣ, ಆ ಪರ್ವತ ಆ ಕಡ್ಡಿಯ ಹೆಗಲ ಮೇಲೆ ಕೂತಿತ್ತು. ಮರುಕ್ಷಣ ಗಿರಾಕಿಗಳ ಕುರ್ಚಿಯ ಮೇಲೆ ಇಳಿಯಿತು. ಸೋಪಿನ ಬಟ್ಟಲು ಉರುಳಿತು. ಗುಮಾಸ್ತ ತನ್ನ ತೋಳುಗಳನ್ನೇ ನೋಡಿಕೊಳ್ಳುತ್ತ, "ನಾನು ಎತ್ತಿದೆ! ಅಪ್ಪಾ, ನಾನು ಎತ್ತಿದೆ!" ಎಂದ.

"ನೀನು ಎತ್ತಿದ್ದು ನಿನ್ನ ತಲೆ! ಹಾರಿದ್ದು ನಾನು!" ಟಯರಣ್ಣ ಫೋಟೋಗೆ ಬೆರಳು ತೋರಿಸಿದ. "ಅಲ್ಲೂ ನಾನೇ! ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಇನ್ನು ಟಿವಿ ನೋಡುವಾಗ ತೋಳು ನೋಡ್ಬೇಡಿ, ಕಾಲು ನೋಡಿ, ಕಾಲು! ಮಂಡಿ ಬಗ್ಗಿತು ಅಂದ್ರೆ ಹಾರಿದ ಅಂತ ಅರ್ಥ!"

ಕಸುಬಿನ ಕಟ್ಟಳೆ ಅವತ್ತು ಮುರಿಯಿತು. ಮೂವರೂ ಹೊಸ ವೇದ ಸಿಕ್ಕವರಂತಾದರು. ಅಂದಿನಿಂದ ಕ್ಷೌರದಂಗಡಿಯಲ್ಲಿ ಒಂದೇ ಕೂಗು: "ಮಂಡಿ ನೋಡ್ರೋ, ಮಂಡಿ! ಹಾರಿದ, ಹಾರಿದ!" ಉದ್ದಗೂದಲಿನವನ ಕೀರ್ತಿ ಒಂದೇ ವಾರದಲ್ಲಿ ಮಣ್ಣುಪಾಲಾಯಿತು. ಆದರೆ ಫೋಟೋದ ವಿಷಯ ಬಂದಾಗ ಗುಮಾಸ್ತ ಗಂಟಲು ಸರಿಮಾಡಿಕೊಂಡು, "ಅದೆಲ್ಲ ಸರಿ. ಆದ್ರೆ ಈ ಫೋಟೋದಲ್ಲಿ ಕಾಲು ನೆಲದ ಮೇಲಿಲ್ಲ, ಮಂಡಿ ಬಗ್ಗಿದ್ದು ಕಾಣಲ್ಲ. ನೀನು ಹಾರಿದ್ದಕ್ಕೆ ಸಾಕ್ಷಿ? ನಿನ್ನ ಷಡ್ಡಕ ಒಪ್ತಾನಾ?" ಎಂದ.

ಆ ಮಾತು ಟಯರಣ್ಣನ ಎದೆಯಲ್ಲಿ ಮೊಳೆಯಂತೆ ನಾಟಿತು. ಷಡ್ಡಕ ಒಪ್ಪಬೇಕು. ಬಾಯಲ್ಲಿ ಅಲ್ಲ, ಕಾಲಿನಲ್ಲಿ. ಇವರೆಲ್ಲರ ಎದುರು ಒಂದೇ ಒಂದು ಸಲ ತನಗೆ ಹಾರಬೇಕು.

ಅವಕಾಶ ತಾನಾಗಿಯೇ ಬಂತು. ಊರಿನ ಹಳೇ ಗೋದಾಮೊಂದನ್ನು ಗುಡಿಸಿ, ಬಳಿದು, ಹುಡುಗರು ಕುಸ್ತಿಯ ಕ್ಲಬ್ಬು ತೆರೆಯುವವರಿದ್ದರು. ಉದ್ಘಾಟನೆಗೆ ಷಡ್ಡಕನೇ ಮುಖ್ಯ ಅತಿಥಿ. ಮತ್ತೆ ಮುಂದಿನ ಸೀಟು! ಹಳೆಯ ಕಂಪನಿಯ ನೆನಪಿಗೆ ಇಬ್ಬರೂ ಐದು ನಿಮಿಷ ರಿಂಗಿನಲ್ಲಿ ಆಡಿ ತೋರಿಸಬೇಕೆಂದು ಹುಡುಗರು ಕೇಳಿಕೊಂಡರು. ಟಯರಣ್ಣ ನೇರವಾಗಿ ವ್ಯಾಯಾಮಶಾಲೆಗೆ ಹೋದ. ಬೋರ್ಡಿನ ಕೆಳಗೆ ತಲೆ ಬಗ್ಗಿಸಿ ಒಳಹೊಕ್ಕರೆ ಎಲ್ಲ ಕನ್ನಡಿಯಲ್ಲೂ ಷಡ್ಡಕನೇ. ನರೆತ ಕೂದಲಿಗೆ ಬಣ್ಣ, ಮೈಗೆ ಅಂಟಿದ ಅಂಗಿ, ಕುರ್ಚಿಯಿಂದ ಏಳದೆ ಅಲ್ಲಿಂದಲೇ ಹುಡುಗರಿಗೆ ಹುಕುಂ.

"ಹಾರ್ತೀಯಾ?" ಕೂರುವ ಮೊದಲೇ ಟಯರಣ್ಣ ಕೇಳಿದ.

ಷಡ್ಡಕ ಅವನ ಮುಖ ನೋಡಿದ. "ಇನ್ನೂ ನೆನಪಿಟ್ಕೊಂಡಿದೀಯಾ ಅಣ್ಣಾ?"

"ಮರೆಯೋಕೆ ನೀನು ಬೋರ್ಡು ಹಾಕ್ಸಿದೀಯಲ್ಲಪ್ಪ!"

ಷಡ್ಡಕ ನಕ್ಕ, ತನ್ನ ಮೊಣಕಾಲು ಸವರಿಕೊಂಡ. "ಆಯ್ತು. ಹಾರ್ತೀನಿ. ಹೆಬ್ಬೆರಳು ಒತ್ತು, ಹಾರ್ತೀನಿ."

ಇಷ್ಟು ಸುಲಭಕ್ಕೆ ಒಪ್ಪಿದನಲ್ಲ ಎಂದು ಟಯರಣ್ಣನಿಗೆ ಅದೂ ಒಂದು ಉರಿ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಉದ್ಘಾಟನೆಯ ದಿನ ಮಧ್ಯಾಹ್ನದ ಬಿಸಿಲಿಗೆ ಗೋದಾಮಿನ ತಗಡು ಕಾಯುತ್ತಿತ್ತು. ಒಳಗೆ ಹೊಸ ಬಣ್ಣದ ವಾಸನೆ, ಕಬ್ಬಿಣದ ಕುರ್ಚಿಗಳ ಕಿರಕಿರ. ಮುಂದಿನ ಸಾಲಿನಲ್ಲಿ ಕತ್ತರಿ, ಡ್ರೈವರ್, ಗುಮಾಸ್ತ. ಅವರ ಹಿಂದೆ ಅಕ್ಕತಂಗಿಯರು, ನಡುವೆ ಅತ್ತೆ. ಟಯರಣ್ಣ ಮುಖವಾಡ ಹಾಕಿರಲಿಲ್ಲ. ಈ ಸಲ ಮುಖ ಕಾಣಬೇಕು.

ರಿಂಗಿನೊಳಗೆ ಇಬ್ಬರೂ ತೋಳಿಗೆ ತೋಳು ಕೊಟ್ಟು ತಳ್ಳಾಡಿದರು, ಒಬ್ಬರನ್ನೊಬ್ಬರು ಹಗ್ಗಕ್ಕೆ ಒರಗಿಸಿದರು, ಹಳೆಯ ಏಟುಗಳನ್ನು ಹಳೆಯ ಸದ್ದಿನೊಂದಿಗೆ ಹೊಡೆದರು. ಜನ ನಕ್ಕರು, ಕೂಗಿದರು. ಆಮೇಲೆ ಟಯರಣ್ಣ ಷಡ್ಡಕನ ಸೊಂಟ ಹಿಡಿದು ಹೆಬ್ಬೆರಳು ಒತ್ತಿದ.

ಏನೂ ಆಗಲಿಲ್ಲ.

ಮತ್ತೆ ಒತ್ತಿದ. "ಹಾರೋ!" ಎಂದು ಹಲ್ಲಿನ ಸಂದಿಯಲ್ಲೇ ಗದರಿದ. ಷಡ್ಡಕ ಹಾರಲು ಹೋದ. ಹೋದ ಕೂಡಲೇ ಅವನ ಬಲ ಮಂಡಿ ಹಳೇ ಕುರ್ಚಿಯ ಕಾಲಿನಂತೆ ಕುಸಿಯಿತು. ಮೈಯೆಲ್ಲ ಭಾರ ಟಯರಣ್ಣನ ಕೈಗೆ ಬಂತು. ಕಿವಿಯ ಹತ್ತಿರ, "ಆಗಲ್ಲ ಅಣ್ಣಾ... ಬಿಟ್ಬಿಡು," ಎಂಬ ಪಿಸುಮಾತು.

ಬಿಟ್ಟುಬಿಡುವುದೇ? ಇಷ್ಟು ವರ್ಷ ಕಾದು, ಕೈಗೆ ಬಂದ ತುತ್ತನ್ನು ನೆಲಕ್ಕೆ ಹಾಕುವುದೇ? ಟಯರಣ್ಣನ ಕಣ್ಣಿಗೆ ಬೋರ್ಡು ಬಂತು, ವ್ಯಾನಿನ ಮುಂದಿನ ಸೀಟು ಬಂತು, ಅತ್ತೆ ತಿರುಗಿಸಿದ ಫ್ಯಾನು ಬಂತು. ಅವನು ಲಾರಿ ಟಯರಿಗೆ ಕೊಡುವಂತೆ ತೊಡೆ ಕೊಟ್ಟ. ಗಂಟಲಿನಿಂದ ಯಾವ ಪ್ರಾಣಿಯದೋ ಕೂಗು ಹೊರಟಿತು. ಷಡ್ಡಕ ಎದೆಯ ಮಟ್ಟಕ್ಕೆ ಬಂದ, ಹೆಗಲ ಮಟ್ಟಕ್ಕೆ ಬಂದ. ಎಡಭುಜದೊಳಗೆ ಹಳೇ ಬಟ್ಟೆ ಹರಿದಂಥ ಸದ್ದು. ಹರಿಯಲಿ ಎಂದುಕೊಂಡ. ತೋಳು ನೇರವಾಯಿತು. ಹೆಣಭಾರದ ಗಂಡಸು, ಒಂದು ಹನಿ ಸಹಾಯವಿಲ್ಲದೆ, ಟಯರಣ್ಣನ ತಲೆಯ ಮೇಲಿದ್ದ.

ಗೋದಾಮಿನ ತಗಡು ಹಾರಿಹೋಗುವಂತೆ ಜನ ಕೂಗಿದರು. ಆ ಕಂಪನಿಯ ಇಡೀ ಚರಿತ್ರೆಯಲ್ಲಿ ಯಾರೂ ಯಾರನ್ನೂ ನಿಜವಾಗಿ ಎತ್ತಿರಲಿಲ್ಲ. ಟಯರಣ್ಣ ಎತ್ತಿದ್ದ. ಮೇಲೆ ಹಿಡಿದುಕೊಂಡೇ ಮುಂದಿನ ಸಾಲನ್ನು ನೋಡಿದ: ಈಗ ಏನಂತೀರಿ?

ಗುಮಾಸ್ತ ಕುರ್ಚಿಯ ಮೇಲೆ ಹತ್ತಿ ನಿಂತು ಕಿರುಚುತ್ತಿದ್ದ. "ಮಂಡಿ ಬಗ್ಗಿತು! ನಾನು ನೋಡಿದೆ! ಹಾರಿದ, ಷಡ್ಡಕ ಹಾರಿದ!"

"ನಾನೂ ನೋಡಿದೆ! ಬಲಗಾಲು!" ಎಂದ ಡ್ರೈವರ್.

"ಏನ್ ಹಾರು ಕಣಯ್ಯ ಈ ವಯಸ್ಸಲ್ಲಿ! ಬೆಂಡಿನ ಹಾಗೆ ಮೇಲೆ ಹೋದ!" ಎಂದ ಕತ್ತರಿ.

ಜಟ್ಟಿ ಜಾರಿ ಬಿದ್ದರೆ ಅದೂ ಒಂದು ವರಸೆ ಎನ್ನುವುದು ಸುಳ್ಳಲ್ಲ. ಟಯರಣ್ಣ ಷಡ್ಡಕನನ್ನು ಹೇಗೋ ಹಗ್ಗದ ಮೇಲೆ ಇಳಿಸಿದ.

ಪರದೆಯ ಹಿಂದೆ, ಬಣ್ಣದ ಡಬ್ಬಗಳ ನಡುವೆ, ಷಡ್ಡಕ ಒಂದು ಪೆಟ್ಟಿಗೆಯ ಮೇಲೆ ಕೂತು ಪ್ಯಾಂಟು ಮೇಲಕ್ಕೆ ಸುತ್ತಿದ. ಮಂಡಿ ತೆಂಗಿನಕಾಯಿಯಂತೆ ಊದಿತ್ತು. ಅದರ ಸುತ್ತ ಹಳೆಯ ಪಟ್ಟಿ; ಇವತ್ತು ಕಟ್ಟಿದ್ದಲ್ಲ, ದಿನಾ ಕಟ್ಟುವುದೆಂದು ಅದರ ಮಾಸಲು ಬಣ್ಣವೇ ಹೇಳುತ್ತಿತ್ತು.

"ಎರಡು ವರ್ಷದಿಂದ ಹಿಂಗೇ ಅಣ್ಣಾ. ಮೆಟ್ಟಿಲು ಹತ್ತಕ್ಕೂ ಆಗಲ್ಲ."

"ಮತ್ತೆ ಹಾರ್ತೀನಿ ಅಂತ ಯಾಕೋ ಬೊಗಳಿದೆ?"

"ನೀನು ಕೇಳಿದಾಗ ಆಗಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ಇವತ್ತೊಂದು ದಿನ ಮಂಡಿ ನನ್ನ ಮಾತು ಕೇಳುತ್ತೇನೋ ಅಂದ್ಕೊಂಡೆ." ಷಡ್ಡಕ ತಲೆ ಎತ್ತಿದ. "ಆದ್ರೆ ಎತ್ತಿದೆಯಲ್ಲ ಅಣ್ಣಾ! ಮನುಷ್ಯನಾ ನೀನು? ನಿಜವಾಗ್ಲೂ ಎತ್ತಿದೆ!"

ಆ ಒಂದು ಮಾತಿಗೆ ಟಯರಣ್ಣನ ಎದೆ ಉಬ್ಬಿತು. ಎಡಗೈ ಜೋತುಬಿದ್ದಿತ್ತು, ಬಲಗೈಯಿಂದ ಪರದೆ ಹಿಡಿದ. "ಅದನ್ನೇ ಹೊರಗೆ ಬಂದು ಹೇಳು. ಈಗಲೇ. ನಾನು ಹಾರಿಲ್ಲ, ಅವನೇ ಎತ್ತಿದ ಅಂತ."

ಷಡ್ಡಕ ಪ್ಯಾಂಟು ಕೆಳಕ್ಕೆ ಬಿಟ್ಟ. "ಮಂಡಿ ಹೋದ ಗುರು ಹತ್ರ ಯಾರು ಕಲಿಯೋಕೆ ಬರ್ತಾರೆ? ಶಾಲೆ ಮುಚ್ಚಬೇಕಾಗುತ್ತೆ. ಹಾರಿದೆ ಅಂತಲೇ ಇರ್ಲಿ ಬಿಡು. ನಿನ್ನ ಬಾಕಿನೂ ತೀರ್ತು ಅಂದ್ಕೋ."

"ತೀರ್ತಾ? ಹಾರದೇ ತೀರ್ತಾ?" ಟಯರಣ್ಣ ಬಲಗೈ ಎತ್ತಿದ. ಮೇಷ್ಟ್ರ ಬೆತ್ತ ಮುರಿದಿದ್ದ ಕೈ ಅದೇ. ಆದರೆ ಆಗಲೇ ಪರದೆ ಸರಿಸಿಕೊಂಡು ಕತ್ತರಿ, ಗುಮಾಸ್ತ, ಡ್ರೈವರ್ ಒಳಗೆ ನುಗ್ಗಿದರು. ನುಗ್ಗಿ ಷಡ್ಡಕನ ಕೈ ಕುಲುಕಿದರು.

"ದೊಡ್ಡ ಮನಸ್ಸು ಸಾರ್ ನಿಮ್ದು. ಷಡ್ಡಕನ ಮಾನ ಉಳಿಸೋಕೆ ಈ ವಯಸ್ಸಲ್ಲಿ ಹಾರಿದ್ರಿ!" ಎಂದ ಗುಮಾಸ್ತ.

ಷಡ್ಡಕ ಟಯರಣ್ಣನ ಕಡೆ ಒಮ್ಮೆ ನೋಡಿದ. ಆಮೇಲೆ, "ಹಾರಿದವನಿಗೆ ಹಾರಬೇಕಲ್ವಾ," ಎಂದು ಮೆಲ್ಲಗೆ ನಕ್ಕ.

ಟಯರಣ್ಣ ಕೂಗಾಡಿದ. ಇವನು ಹಾರಲಿಲ್ಲ, ಮಂಡಿ ಕುಸಿಯಿತು, ಪ್ಯಾಂಟು ಎತ್ತಿ ನೋಡಿ ಎಂದ. "ಸುಮ್ನಿರಣ್ಣ," ಎಂದ ಡ್ರೈವರ್. "ಎತ್ತಿಸಿಕೊಳ್ಳೋನು ಹಾರ್ಬೇಕು ಅಂತ ನೀನೇ ಹೇಳ್ಕೊಟ್ಟಿದ್ದು. ಈಗ ನಿನ್ನ ಸರದಿ ಬಂದಾಗ ಬೇರೆ ಕಾನೂನಾ?" ತಾನು ತೋಡಿದ ಗುಂಡಿಗೆ ಟಯರಣ್ಣ ತಾನೇ ಬಿದ್ದಿದ್ದ.

ಮನೆಯಲ್ಲಿ ಹೆಂಡತಿ ಅವನ ಭುಜಕ್ಕೆ ಎಣ್ಣೆ ತಿಕ್ಕತೊಡಗಿದಳು. ಆಮೇಲೆ, "ಹಾರಿದವರನ್ನ ಎತ್ತಿದ್ರೆ ಭುಜ ಹಿಂಗಾಗುತ್ತಾ? ನೀವೇ ಎತ್ತಿದ್ದು," ಎಂದಳು.

ಟಯರಣ್ಣ ಥಟ್ಟನೆ ತಿರುಗಿದ. "ಹಂಗಾದ್ರೆ ಹೋಗಿ ನಿನ್ನ ತಂಗಿಗೆ ಹೇಳು!"

"ಹೇಳಿದೆ."

"ಏನಂದ್ಲು?"

"ಭಾವನಿಗೆ ನಮ್ಮವರನ್ನ ಕಂಡ್ರೆ ಮೊದಲಿಂದ್ಲೂ ಹೊಟ್ಟೆಕಿಚ್ಚು ಅಕ್ಕ, ಅಂದ್ಲು. ಅಲುಗಾಡ್ಬೇಡಿ, ಎಣ್ಣೆ ಚೆಲ್ಲುತ್ತೆ."

ಈಗ ಕ್ಷೌರದಂಗಡಿಯಲ್ಲಿ ಎರಡು ಫೋಟೋಗಳಿವೆ. ಹೊಸದರಲ್ಲಿ ಟಯರಣ್ಣ ಕೆಳಗೆ, ಷಡ್ಡಕ ಮೇಲೆ. ಗಿರಾಕಿಗಳು ಕೇಳಿದರೆ ಕತ್ತರಿ ಹಳೆಯದನ್ನು ತೋರಿಸಿ, "ಇದರಲ್ಲಿ ಎಂಥ ತೋಳು ನೋಡಿ," ಎನ್ನುತ್ತಾನೆ. ಹೊಸದನ್ನು ತೋರಿಸಿ, "ಇದರಲ್ಲಿ ಎಂಥ ಹಾರು ನೋಡಿ," ಎನ್ನುತ್ತಾನೆ. ತೋಳೂ ಹಾರೂ ಎರಡೂ ಷಡ್ಡಕನದೇ. ಟಯರಣ್ಣನ ಎಡಗೈ ಹೆಗಲಿಗಿಂತ ಮೇಲೆ ಹೋಗುವುದಿಲ್ಲ. ದೊಡ್ಡ ಟಯರುಗಳನ್ನು ಈಗ ಅವನೂ ಇನ್ನೊಬ್ಬರ ಜೊತೆಯಲ್ಲೇ ಉರುಳಿಸುತ್ತಾನೆ.

ಅತ್ತೆಮನೆಯಲ್ಲಿ ಎಲ್ಲರೂ ಸೇರಿದಾಗ ಮಹಡಿಯ ಮೇಲೆ ಊಟ. ಷಡ್ಡಕ ಎಲ್ಲರೂ ಹತ್ತಿಹೋಗಲಿ ಎಂದು ಫೋನು ನೋಡುವ ನೆಪದಲ್ಲಿ ಕೆಳಗೇ ನಿಲ್ಲುತ್ತಾನೆ. ಟಯರಣ್ಣನೂ ನಿಲ್ಲುತ್ತಾನೆ, ಬೇಕಂತಲೇ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತುವ ಷಡ್ಡಕನ ಹಿಂದೆ, ಜೋತ ಎಡಗೈಯನ್ನು ಜೇಬಿಗೆ ಸಿಕ್ಕಿಸಿಕೊಂಡು ಅವನೂ ಹತ್ತುತ್ತಾನೆ. ಅರ್ಧ ದಾರಿಯಲ್ಲಿ ಅವನ ಕಿವಿಗೆ ಬಾಯಿಟ್ಟು, "ಒಂದು ಬಾಕಿ ಇದೆ," ಎನ್ನುತ್ತಾನೆ.

"ಗೊತ್ತಣ್ಣ," ಎನ್ನುತ್ತಾನೆ ಷಡ್ಡಕ, ಅಷ್ಟೇ ಮೆಲ್ಲಗೆ.

ಮೇಲಿಂದ ಅತ್ತೆ ಬಗ್ಗಿ ನೋಡಿ, "ಏನದು ಇಬ್ಬರದೂ ಗುಸುಗುಸು?" ಎನ್ನುತ್ತಾಳೆ.

"ಏನಿಲ್ಲ ಅತ್ತೆ, ಹಳೇ ಲೆಕ್ಕ, ಆವತ್ತೇ ತೀರಿಸಿದ್ದೀನಿ!" ಎಂದು ಷಡ್ಡಕ ಜೋರಾಗಿ ನಗುತ್ತಾನೆ. ನಗುತ್ತಲೇ ಕಂಬಿಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಮೆಟ್ಟಿಲಿಗೆ ಬಲಗಾಲನ್ನು ಕೈಯಿಂದ ಎತ್ತಿಡುತ್ತಾನೆ.